ಅತ್ತೆಯ ಕಾರಿನ ಗೇರು

ಮದುವೆಯಾಗಿ ವರ್ಷ ಕಳೆದರೂ ಅಳಿಯನಿಗೆ ಅತ್ತೆಯ ಎದುರು ಬಾಯಿ ತೆರೆಯಲು ಧೈರ್ಯ ಬರುತ್ತಿರಲಿಲ್ಲ. ಅತ್ತೆಯೂ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಹಾಗಿದ್ದವನು, ಅವರು ಹರೆಯದಲ್ಲಿ ಓಡಿಸುತ್ತಿದ್ದ ಹಳೇ ಸ್ಪೋರ್ಟ್ಸ್ ಕಾರಿನ ಗೇರು ಸರಿಮಾಡಿಕೊಡಲು ಒಪ್ಪಿಕೊಂಡುಬಿಟ್ಟ.

ಕಾರಿನಡಿ ಮಲಗಿ, ಗೇರ್ ಲಿವರಿಗೂ ಗೇರ್‌ಬಾಕ್ಸಿಗೂ ನಡುವಿನ ಹೊಸ ರಾಡನ್ನು ಕೂರಿಸಿದ. ಎರಡೂ ನ್ಯೂಟ್ರಲ್‌ನಲ್ಲಿರುವಾಗಲೇ ರಾಡನ್ನು ಹಿಡಿದಿಡುವ ಕ್ಲಾಂಪ್ ಬಿಗಿಯಬೇಕು. ಅಲ್ಲಿಯವರೆಗೆ ಮೇಲೆ ಕೂತ ಅತ್ತೆ ಲಿವರನ್ನು ನೆಟ್ಟಗೆ ಹಿಡಿದಿರಬೇಕಿತ್ತು. ಆದರೆ ಎಷ್ಟೋ ಕಾಲದ ಮೇಲೆ ಸಿಕ್ಕ ಲಿವರು; ಅವರ ಕೈ ಸುಮ್ಮನಿರಲಿಲ್ಲ. ಬಿಗಿದು ನೋಡಿದರೆ ಫಸ್ಟ್ ಗೇರ್ ಬೀಳಲೇ ಇಲ್ಲ. ಸಡಿಲಿಸಿ ಮತ್ತೆ ಬಿಗಿದ. ಈಗ ಸೆಕೆಂಡ್ ಗೇರ್ ಮುನಿಸಿಕೊಂಡಿತು.

ಮತ್ತೆ ಸ್ಪ್ಯಾನರ್ ಹಾಕುವಷ್ಟರಲ್ಲಿ ರಾಡು ಅಲ್ಲಾಡಿತು. ಅವನ ತಾಳ್ಮೆ ಕೆಟ್ಟಿತು.

"ಅತ್ತೆ! ಒಂದು ನಿಮಿಷ ಕೈ ಅಲ್ಲಾಡಿಸದೆ ಕೂತ್ಕೊಳ್ಳೋಕೆ ಆಗಲ್ವಾ ನಿಮಗೆ?"

ಕೆಟ್ಟೆನಲ್ಲ ಎಂದು ಅವನು ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಅತ್ತೆ ಬಿದ್ದು ಬಿದ್ದು ನಗುವುದು ಕೇಳಿಸಿತು.

"ಅಬ್ಬಾ, ನಿನಗೂ ಬಾಯಿದೆಯಲ್ಲೋ! ಸಮಾಧಾನ ಆಯ್ತು ನೋಡು. ಹಿಡ್ಕೊಂಡಿದೀನಿ, ಬಿಗಿ ಮಾರಾಯ."

ಅವನು ನಗುತ್ತಲೇ ಬಿಗಿದ. ನಾಲ್ಕೂ ಗೇರು, ರಿವರ್ಸು ಕೂಡ, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಬಿದ್ದವು.

ಹೊರಬಂದು ಮೈ ಕೊಡವಿಕೊಳ್ಳುವಷ್ಟರಲ್ಲಿ ಅತ್ತೆ ಪಕ್ಕದ ಬಾಗಿಲು ತೆರೆದಿದ್ದರು.

"ಹತ್ತು, ಒಂದು ಸುತ್ತು ಹೋಗಿಬರೋಣ. ನಿನ್ನ ಹೆಂಡತೀನ ಕರೀಬೇಡ, ಇರೋದು ಎರಡೇ ಸೀಟು."

ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಅಳಿಯ ಹತ್ತಿ ಕೂತ. ಊಟದ ಹೊತ್ತು ಮೀರಿದರೂ ಇಬ್ಬರಿಗೂ ಮನೆಯ ನೆನಪಾಗಲಿಲ್ಲ.