ಬಸ್ಸಿನಲ್ಲಿ ಕಳೆದ ಮನೆಪತ್ರ

“ಏ ಮುದುಕಿ, ಕಿವಿ ಕೇಳ್ಸುತ್ತೋ ಇಲ್ವೋ? ಬಸ್ಸಲ್ಲಿ ಬರ್ತಾ ಕಳ್ಕೊಂಡೆ ಅಂತ ಬರ್ದಿದೆ. ಹೆಬ್ಬೆಟ್ಟು ಒತ್ತಿ ಜಾಗ ಖಾಲಿ ಮಾಡು.”

ಬ್ಯಾಂಕ್ ಮ್ಯಾನೇಜರು ಶಾಯಿ ಡಬ್ಬಿಯನ್ನು ಪೆನ್ನಿನ ತುದಿಯಿಂದ ಅವಳತ್ತ ನೂಕಿದ. ಕೈಯಲ್ಲಿ ನೂಕಿದರೆ ಎಲ್ಲಿ ಬೆರಳಿಗೆ ಬೆರಳು ತಾಗಿಬಿಡುತ್ತದೋ ಎಂಬ ಹೆದರಿಕೆ. ಎದುರಿಗೆ ನಿಂತವಳು ದೊಡ್ಡಕ್ಕ. ಚರಂಡಿ ಬಳಿಯುವ ಗುಂಪಿಗೆ ವಯಸ್ಸಿನಲ್ಲಿ ಹಿರಿಯಳೆಂದು ಎಲ್ಲರೂ ಹಾಗೇ ಕರೆಯುತ್ತಿದ್ದರು. ಜೊತೆಗೆ ಸೊಸೆ ಇದ್ದಳು. ಇಬ್ಬರಿಗೂ ಆ ದಿನದ ಸಂಬಳ ಖೋತಾ.

“ನಾನ್ಯಾವ ಬಸ್ಸು ಹತ್ತಿದೆ ಸ್ವಾಮಿ? ಪತ್ರ ಕೊಟ್ಟಿದ್ದು ನಿಮ್ ಬ್ಯಾಂಕಿಗೆ. ಒಂಬತ್ತು ವರ್ಷದಿಂದ ಇಲ್ಲೇ ಇದೆ.”

“ಇದ್ರೆ ತಾನೇ ಕೊಡೋದು? ಹುಡುಕಿದೀವಿ, ಇಲ್ಲ.”

“ಇಲ್ಲ ಅಂದ್ಮೇಲೆ ಕಳ್ದೋರು ಯಾರು?”

“ನೋಡ್ರಪ್ಪಾ, ನನ್ನೇ ವಿಚಾರಣೆ ಮಾಡ್ತಾಳೆ!” ಎಂದು ಮ್ಯಾನೇಜರು ನಕ್ಕ. ಅವನು ನಕ್ಕಿದ್ದಕ್ಕೆ ಪಕ್ಕದ ಗುಮಾಸ್ತನೂ ನಕ್ಕ.

ವಿಷಯ ಇಷ್ಟೇ. ದೊಡ್ಡಕ್ಕನ ಗಂಡ ಗಾರೆ ಕೆಲಸದವನು. ಊರಿನವರ ಮನೆಯನ್ನೆಲ್ಲ ಕಟ್ಟಿ ಮುಗಿಸಿ, ಉಳಿದ ಭಾನುವಾರಗಳಲ್ಲಿ ತನ್ನದೂ ಒಂದೂವರೆ ಕೋಣೆ ಎಬ್ಬಿಸಿದ್ದ. ಮೂರನೇ ಮಹಡಿಯಿಂದ ಬಿದ್ದು ಸೊಂಟ ಮುರಿದಾಗ ಆಸ್ಪತ್ರೆಗೆಂದು ಆ ಮನೆಯನ್ನು ಈ ಬ್ಯಾಂಕಿನಲ್ಲಿ ಅಡ ಇಟ್ಟರು. ಗಂಡ ಹೋದ, ಸಾಲ ಹೋಗಲಿಲ್ಲ. ಬಡ್ಡಿ ಮೂರು ಸಲ ಏರಿತು. ಎರಡು ಕಂತು ತಪ್ಪಿದ್ದೇ ತಡ, ಹರಾಜಿನ ನೋಟೀಸು ಬಾಗಿಲಿಗೆ ಬಂದು ಅಂಟಿತು. ಆಗ ಎದುರು ರಸ್ತೆಯ ಇನ್ನೊಂದು ಬ್ಯಾಂಕಿನವರು ಸೊಸೆಯ ಕಾರ್ಖಾನೆ ಸಂಬಳ ನೋಡಿ, ಇಲ್ಲಿಯ ಸಾಲವನ್ನೆಲ್ಲ ತೀರಿಸಿ ತಮ್ಮ ಹೆಸರಿಗೆ ಹಾಕಿಕೊಳ್ಳಲು ಒಪ್ಪಿದರು. ಕಡಿಮೆ ಬಡ್ಡಿ, ಅರ್ಧಕ್ಕರ್ಧ ಕಂತು. ಅತ್ತೆ ಸೊಸೆ ಇಬ್ಬರೂ ಅವತ್ತು ನೆಮ್ಮದಿಯಾಗಿ ಉಂಡಿದ್ದರು.

ಆದರೆ ಇವತ್ತು ನಾಲ್ಕು ಗಂಟೆಯೊಳಗೆ ಅಸಲು ಮನೆಪತ್ರ ಅವರ ಕೈ ಸೇರಬೇಕು. ಈ ಬ್ಯಾಂಕೇ ಕಳೆದಿದ್ದರೆ ‘ನಾವು ಕಳೆದಿದ್ದೇವೆ’ ಎಂದು ಇವರೇ ಮೊಹರು ಹಾಕಿ ಬರೆದು ಕೊಡಬೇಕು. ದೊಡ್ಡಕ್ಕನೇ ಕಳೆದುಕೊಂಡಿದ್ದರೆ ಪೊಲೀಸ್ ದೂರು, ಪೇಪರಿನಲ್ಲಿ ಪ್ರಕಟಣೆ, ಮೂರು ತಿಂಗಳು ಕಾಯಬೇಕು. ಅಷ್ಟರಲ್ಲಿ ಮನೆ ಹರಾಜಾಗಿ ಕೊಂಡವನು ಸುಣ್ಣ ಬಳಿಸಿರುತ್ತಾನೆ. ಈ ಮ್ಯಾನೇಜರು ಬರೆಯುವ ಒಂದು ಸಾಲಿನ ಮೇಲೆ ಮನೆ ನಿಂತಿತ್ತು.

“ನಿಮ್ಗೂ ಗೊತ್ತು ಸ್ವಾಮಿ, ನಂಗೂ ಗೊತ್ತು,” ದೊಡ್ಡಕ್ಕ ಅಂದಳು. “ನೆಲಮಾಳಿಗೇಲಿ ಕೊಳೆತು ಹೋಯ್ತು. ಹೊತ್ತೋಳು ನಾನೇ.”

ಹೌದು, ಅವಳೇ. ಮಳೆಗಾಲದಲ್ಲಿ ಮೋರಿ ಒಡೆದು ನೀರು ಬ್ಯಾಂಕಿನ ನೆಲಮಾಳಿಗೆಗೆ ನುಗ್ಗಿದಾಗ ಕಂಟ್ರಾಕ್ಟರು ಇವರ ಗುಂಪನ್ನು ಹಿಂಬಾಗಿಲಿನಿಂದ ಇಳಿಸಿದ್ದ. ಮೊಣಕಾಲುದ್ದ ಕೊಚ್ಚೆ, ಅದರಲ್ಲಿ ಕರಗಿದ ಕಾಗದ. ಇದೇ ಮ್ಯಾನೇಜರು ಮೆಟ್ಟಿಲ ಮೇಲೆ ಮೂಗು ಮುಚ್ಚಿಕೊಂಡು ನಿಂತು, “ಹಳೇ ಕಸ, ಬೇಗ ಎತ್ರೇ” ಎಂದು ಒದರುತ್ತಿದ್ದ. ದೊಡ್ಡಕ್ಕನಿಗೆ ಓದು ಬಾರದು. ಆದರೆ ಸರ್ಕಾರಿ ಮುದ್ರೆಯ ದಪ್ಪ ಹಾಳೆ ಗೊತ್ತು. ಅಂಥದ್ದೊಂದನ್ನು ಮದುವೆಯ ಟ್ರಂಕಿನಲ್ಲಿ ಮಡಿಕೆ ಕೆಡದಂತೆ ವರ್ಷಗಟ್ಟಲೆ ಇಟ್ಟಿದ್ದವಳು. “ಇದು ಮನೆಪತ್ರ ಅಲ್ವಾ ಸ್ವಾಮಿ?” ಎಂದು ಕೇಳಿಯೂ ಇದ್ದಳು. “ನಿಂಗ್ಯಾಕೆ ಅಧಿಕಪ್ರಸಂಗ? ಹೊರು” ಅಂದಿದ್ದ. ಹೊತ್ತಳು. ತನ್ನ ಮನೆಯನ್ನು ತಾನೇ ತಲೆಯ ಮೇಲೆ ಹೊತ್ತು ಕಸದ ಗಾಡಿಗೆ ಸುರಿದು, ಅದಕ್ಕೆ ಕೂಲಿಯನ್ನೂ ಈಸಿಕೊಂಡಿದ್ದಳು.

ಮ್ಯಾನೇಜರ ನಗು ಇಳಿಯಿತು. “ಬಾಯ್ಮುಚ್ಚು, ಮುಂಡೇದೆ! ಹೇಲು ಬಳಿಯೋಳು ನಂಗೆ ಕಾನೂನು ಹೇಳೋಕೆ ಬಂದ್ಯಾ? ನಿನ್ ಮಾತು ಯಾವನು ನಂಬ್ತಾನೆ?”

“ಕೇಳಿ ನೋಡೋಣ ತಡೀರಿ.”

ಅವಳು ಗಾಜಿನ ಬಾಗಿಲು ತಳ್ಳಿ ಹಜಾರಕ್ಕೆ ಬಂದಳು. ಕಬ್ಬಿಣದ ಕುರ್ಚಿಗಳಲ್ಲಿ ಚೀಟಿ ಹಿಡಿದು ಕೂತಿದ್ದ ಜನ ತಲೆ ಎತ್ತಿದರು.

“ಅಣ್ಣಂದಿರಾ, ಅಕ್ಕಂದಿರಾ, ಇಲ್ಲಿ ಮನೆಪತ್ರ ಅಡ ಇಟ್ಟೋರು ಯಾರಿದೀರಿ? ಎಲ್ಲಾ ನೆಲಮಾಳಿಗೇಲಿ ಕೊಳೆತು ಹೋಗೈತೆ. ನಾನೇ ಬುಟ್ಟೀಲಿ ಹೊತ್ತು ಕಸದ ಗಾಡಿಗೆ ಸುರಿದಿದೀನಿ.”

“ಬೆಳಬೆಳಗ್ಗೆನೇ ಹಾಕ್ಕೊಂಡು ಬಂದವ್ಳೆ ಕಣ್ರೀ,” ಎಂದು ಅಂಗಡಿಯವನೊಬ್ಬ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ. ಮೂಲೆಯಿಂದ ಕೃಶ ದೇಹದ ಟೈಲರೊಬ್ಬ ಎದ್ದು ಬಂದ. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ನಂದು ಹಸಿರು ಫೈಲು. ನೋಡಿದ್ರೇನಮ್ಮಾ?”

“ಅಲ್ಲಿ ಬಣ್ಣ ಎಲ್ಲಿತ್ತಪ್ಪಾ? ಎಲ್ಲಾ ಒಂದೇ ಕೆಸರು.”

ಅಷ್ಟರಲ್ಲಿ ಮ್ಯಾನೇಜರು ಹಿಂದೆ ಬಂದು ನಿಂತಿದ್ದ. ಅಬ್ಬಾ, ಎಂಥಾ ಮೆತ್ತನೆ ದನಿ! “ಅಮ್ಮಾ, ಬನ್ನಿ ಒಳಗೆ. ಕೂತ್ಕೊಂಡು ಮಾತಾಡೋಣ.”

ಒಳಗೆ ಕುರ್ಚಿ ಹಾಕಿಸಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಬ್ಯಾಂಕಿನ ಹೆಸರಿದ್ದ ಹಾಳೆ ಎಳೆದುಕೊಂಡು ಸರಸರ ಬರೆದ, ಮೊಹರು ಒತ್ತಿದ. ಸೊಸೆ ಎರಡು ಸಲ ಓದಿದಳು. ಅವಳ ಮುಖ ಅರಳಿತು. “ಸರಿಯಾಗೈತೆ ಅತ್ತೆ. ಬ್ಯಾಂಕೇ ಕಳ್ದಿದೆ ಅಂತ ಬರ್ದವ್ರೆ.”

ಮ್ಯಾನೇಜರು ಹಾಳೆಯ ಮೇಲೆ ಅಂಗೈ ಊರಿದ. “ಹೊರಗೆ ಹೋಗಿ ಒಂದೇ ಒಂದು ಮಾತು ಹೇಳಿ. ಸಿಟ್ಟಲ್ಲಿ ಬಾಯಿಗೆ ಬಂದಿದ್ದು ಅಂದೆ, ಅದೆಲ್ಲ ಸುಳ್ಳು ಅಂತ. ಬಂದು ಇದನ್ನ ತಗೊಂಡ್ ಹೋಗಿ.”

“ಹೇಳ್ಬಿಡಿ ಅತ್ತೆ,” ಸೊಸೆ ಮೊಣಕೈ ಹಿಡಿದು ಪಿಸುಗುಟ್ಟಿದಳು. “ನಮ್ದು ನಮ್ಗೆ ಉಳಿದ್ರೆ ಸಾಕು. ಅವ್ರೇನು ನಮ್ ನೆಂಟರಾ? ನಿಮ್ ಕಾಲಿಗೆ ಬೀಳ್ತೀನಿ.”

ದೊಡ್ಡಕ್ಕ ಹೇಳಬೇಕೆಂದೇ ಎದ್ದಳು, ಅದರಲ್ಲಿ ಅನುಮಾನವಿಲ್ಲ. ತನ್ನ ಕೈಗೆ ಎಟುಕುವಷ್ಟೇ ಎತ್ತರಕ್ಕೆ ಗಂಡ ಕಟ್ಟಿಕೊಟ್ಟಿದ್ದ ಅಡುಗೆಯ ಗೂಡು ಕಣ್ಣಿಗೆ ಕಟ್ಟಿತು. ಸುಳ್ಳು ಒಂದೇ ಮಾತಿನದು. ಬಾಗಿಲು ತೆರೆದಳು.

ಟೈಲರು ಬಾಗಿಲಲ್ಲೇ ಕಾಯುತ್ತಿದ್ದ. “ಏನಂದ್ರಮ್ಮಾ ಒಳಗೆ? ಇದೆಯಂತಾ ನಂದು?”

ಇದೆಯಂತಪ್ಪಾ ಅಂದಿದ್ದರೆ ಮುಗಿಯುತ್ತಿತ್ತು. ಆ ಪ್ರಾಣಿ ಅದನ್ನು ಕೇಳಲೆಂದೇ ಬಾಯಿ ಬಿಟ್ಟುಕೊಂಡು ನಿಂತಿತ್ತು.

“ಇಲ್ಲ ಕಣಪ್ಪಾ,” ಅಂದಳು. ಆಮೇಲೆ ಇಡೀ ಹಜಾರಕ್ಕೆ ಕೇಳುವಂತೆ: “ನಾನು ಹೇಳಿದ್ದು ಸುಳ್ಳು ಅಂತ ನಿಮ್ಗೆ ಹೇಳ್ಬೇಕಂತೆ. ಹೇಳಿದ್ರೆ ನನ್ ಮನೆ ಒಂದಕ್ಕೆ, ಬ್ಯಾಂಕೇ ಕಳ್ದಿದೆ ಅಂತ ಪತ್ರ ಕೊಡ್ತಾನಂತೆ. ಬರ್ದೂ ಇಟ್ಟವ್ನೆ. ಹೋಗಿ ನೋಡ್ಕೊಳ್ಳಿ, ಮೇಜಿನ ಮೇಲೈತೆ.”

ಗಾಜಿನಾಚೆ ಮ್ಯಾನೇಜರು ಹಾಳೆಯನ್ನು ಎರಡಾಗಿ ಹರಿದ, ನಾಲ್ಕಾಗಿ ಹರಿದ, ಚೂರುಗಳನ್ನು ಜೇಬಿಗೆ ತುರುಕಿದ. ಸೊಸೆ ಅವನ ಕೈ ಹಿಡಿಯಲು ಹೋಗಿ ಮೇಜಿಗೆ ಬಡಿದುಕೊಂಡಳು. ಕೂತಿದ್ದವರೆಲ್ಲ ಒಮ್ಮೆಗೇ ನುಗ್ಗಿದರು. ಒಬ್ಬರೂ ದೊಡ್ಡಕ್ಕನ ಮುಖ ನೋಡಲಿಲ್ಲ. ಟೈಲರು ಕೂಡ ಮೊಣಕೈಯಿಂದ ಅವಳ ಪಕ್ಕೆಗೆ ತಿವಿದು ದಾರಿ ಮಾಡಿಕೊಂಡ. ಕಾವಲುಗಾರ ಅತ್ತೆ ಸೊಸೆಯರಿಬ್ಬರನ್ನೂ ರಟ್ಟೆ ಹಿಡಿದು ಹೊರದಬ್ಬಿ ಶಟರು ಎಳೆದ.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಎದುರು ರಸ್ತೆಯ ಬ್ಯಾಂಕಿನ ಬಾಗಿಲು ಇನ್ನೂ ತೆರೆದೇ ಇತ್ತು.

“ಮನೆ ಹೋಯ್ತಲ್ಲ ಅತ್ತೆ.”

“ಹೂಂ. ಹೋಯ್ತು.”

“ಏನು ಬಂತು ನಿಮ್ಗೆ ಇದ್ರಿಂದ?”

ದೊಡ್ಡಕ್ಕ ಮುಚ್ಚಿದ ಶಟರಿನತ್ತ ತಿರುಗಿದಳು. ಸೊಸೆ ಕಣ್ಣೊರೆಸಿಕೊಂಡು ಎದ್ದಳು. “ಪಾತ್ರೆಪಗಡ ಕಟ್ಬೇಕು,” ಎಂದು, ಅತ್ತೆ ಬರುತ್ತಾಳೋ ಇಲ್ಲವೋ ಎಂದು ತಿರುಗಿಯೂ ನೋಡದೆ ನಡೆದುಬಿಟ್ಟಳು.

ಶಟರಿನೊಳಗಿಂದ ಟೈಲರನ ಗಂಟಲು ಕೇಳುತ್ತಿತ್ತು. “ನನ್ ಪತ್ರ ಎಲ್ಲೋ, ಬೋಳಿಮಗನೇ! ನನ್ ಪತ್ರ ಎಲ್ಲೋ!” ದೊಡ್ಡಕ್ಕ ಅಲ್ಲೇ ಕೂತು ಕೇಳಿದಳು.