ಹದಿನಾಲ್ಕು ತಿಂಗಳ ಜಾಲಿ

ಭೀಮಾ ಹೊಳೆಗೆ ಅಡ್ಡ ಕಟ್ಟಿದ ಬಂಧಾರದ ಹಿನ್ನೀರಿಗೆ ಅಂಟಿಕೊಂಡ ಆ ಊರಿನಲ್ಲಿ, ಶ್ರಾವಣದ ಜಡಿಮಳೆ ಹಿಡಿದ ಒಂಬತ್ತನೆಯ ದಿನ, ಒಣಗಿದ ಕಟ್ಟಿಗೆ ಅಂತ ಉಳಿದಿದ್ದು ಬಡಿಗ ಸೈದಪ್ಪನ ಚಪ್ಪರದಲ್ಲಿ ಮಾತ್ರ. ಅದೂ ಒಲೆಗೆ ಹಾಕುವ ಕಟ್ಟಿಗೆಯಲ್ಲ. ಊರಿನ ಹಳೆಯ ದೋಣಿಯ ಪಕ್ಕೆಲುಬುಗಳು ಕೊಳೆತುಹೋಗಿದ್ದವು. ಅವುಗಳ ಜಾಗಕ್ಕೆಂದು, ತಾನಾಗಿಯೇ ಬಾಗಿ ಬೆಳೆದ ಜಾಲಿಯ ಆರು ಕೊರಡುಗಳನ್ನು ಅವನು ಹದಿನಾಲ್ಕು ತಿಂಗಳಿಂದ ಹದ ಮಾಡುತ್ತಿದ್ದ.

ಹದ ಮಾಡುವುದೆಂದರೆ ಬಿಸಿಲಿಗೆ ಎಸೆದು ಮರೆತುಬಿಡುವುದು ಎಂದುಕೊಂಡವರಿಗೆ ಅವನ ಹತ್ತಿರ ಒಳ್ಳೆಯ ಮಾತಿರಲಿಲ್ಲ. ತೊಗಟೆ ಸುಲಿದು, ಒಳಗಿನ ರಸ ಹೋಗಲೆಂದು ಎರಡು ತಿಂಗಳು ಹೊಳೆಯಲ್ಲಿ ಮುಳುಗಿಸಿಟ್ಟ. ತೆಗೆದ ಮೇಲೆ ತುದಿ ಸೀಳಬಾರದೆಂದು ಎರಡೂ ಕಡೆ ಸೆಗಣಿ, ಸುಣ್ಣ ಮೆತ್ತಿದ. ನೆಲಕ್ಕೆ ತಾಗದಂತೆ, ನಡುನಡುವೆ ಪಟ್ಟಿ ಕೊಟ್ಟು ನೆರಳಿನಲ್ಲಿ ಪೇರಿಸಿದ. ಅಮಾವಾಸ್ಯೆಗೊಮ್ಮೆ ಮಗ್ಗಲು ಬದಲಿಸಿ, ಕೊಡತಿಯಿಂದ ಬಡಿದು ಸದ್ದು ಕೇಳುತ್ತಿದ್ದ. ಹಸಿ ಮರ ಕೂಡಿಸಿದರೆ ಅದು ಸೊಟ್ಟಗಾಗಿ ಮೊಳೆ ಸಡಿಲಾಗುತ್ತದೆ, ಸಡಿಲಾದದ್ದು ಗೊತ್ತಾಗುವುದು ನಡುನೀರಿನಲ್ಲಿ. ಕಳೆದ ವಾರ ಸದ್ದು ಕಂಚಿನ ಹಾಗೆ ಬಂದಿತ್ತು. ಮಳೆ ಬಿಟ್ಟ ಕೂಡಲೇ ಕೆಲಸ ಶುರು ಎಂದು ಹೆಂಡತಿ ಕಮಳಾಬಾಯಿಗೆ ಹೇಳಿದ್ದ.

ಆಕೆಗೆ ಹೇಳಲೇಬೇಕಿತ್ತು. ದೋಣಿ ಕೆಟ್ಟಾಗಿನಿಂದ, ಆಚೆ ದಂಡೆಯ ಹೊಲಗಳಿಗೆ ಕೂಲಿಗೆ ಹೋಗುವ ಇಪ್ಪತ್ತು ಹೆಂಗಸರು ಥರ್ಮಾಕೋಲಿನ ತೆಪ್ಪದ ಮೇಲೆ ಜೀವ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ಆಷಾಢದಲ್ಲಿ ತೆಪ್ಪ ಮಗುಚಿ ಕಮಳಾಬಾಯಿ ಹೊಳೆಯ ನೀರು ಕುಡಿದು ಬಂದಿದ್ದಳು. ಮರುದಿನ ಮತ್ತೆ ಅದೇ ತೆಪ್ಪ ಹತ್ತಿದ್ದಳು.

ಮಳೆಯ ಆ ಒಂಬತ್ತನೆಯ ದಿನ ಬೆಳಿಗ್ಗೆ ದೊಡ್ಡಮನೆಯ ಮುದುಕಿ ವೇಣೂಬಾಯಿ ತೀರಿಕೊಂಡಳು. ಸೋಲಾಪುರದ ಒಂದು ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿರುವ ಅವಳ ಮಗ ಯೋಗಿರಾಜ, ನಾಲ್ಕು ಕಾರು ತುಂಬ ಬೀಗರನ್ನು ಕರೆದುಕೊಂಡು ಬಂದ. ದಹನ ಹೊಳೆದಂಡೆಯಲ್ಲೇ ಆಗಬೇಕಿತ್ತು. ಊರಿನ ಕುಳ್ಳು ಕಟ್ಟಿಗೆಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ಸಾವಾದಾಗ ಮನೆಗೊಂದು ಕಟ್ಟಿಗೆ ಕೊಡುವುದು ಅಲ್ಲಿಯ ರೂಢಿ. ಕೇಳಲು ಬಂದರೆ ಯಾರೂ ಇಲ್ಲ ಅನ್ನುವುದಿಲ್ಲ.

"ಸೈದಪ್ಪ, ಆ ಜಾಲಿ ಕೊಟ್ಟಬಿಡು," ಎಂದ ಯೋಗಿರಾಜ, ಚಪ್ಪರದ ಕೆಳಗೆ ಬಂದು ಕೊಡೆ ಮಡಚುತ್ತ.

"ಅವು ದೋಣಿವು ರೀ. ಅಕ್ಕಲಕೋಟಕ್ಕ ಟೆಂಪೋ ಕಳಸ್ರಿ. ವಖಾರ್ಯಾಗ ಒಣ ಕಟಗಿ ಸಿಗತಾವ. ಎರಡು ತಾಸಿನ್ಯಾಗ ಬರತಾವ."

"ಎರಡು ತಾಸು ಉಶೀರ ಆಗ್ತದ. ಬೀಗರು ಪಾವಣ್ಯಾರು ಸಂಜಿಗಿ ಸೋಲಾಪುರ ಮುಟ್ಟಬೇಕು. ನಾಳಿ ಎಲ್ಲಾರಿಗೂ ಆಫೀಸ ಅದ."

ಸೈದಪ್ಪನ ಮೈಯೆಲ್ಲ ಉರಿದುಹೋಯಿತು. ಹೆತ್ತ ತಾಯಿಗಾಗಿ ಎರಡು ತಾಸು ಕಾಯಲಾರದ ಮಗ, ಇವನ ಹದಿನಾಲ್ಕು ತಿಂಗಳನ್ನು ಕೈಚಾಚಿ ಕೇಳುತ್ತಿದ್ದ. ಕೇಳುವಾಗ ಮುಖದಲ್ಲಿ ಒಂದಿಷ್ಟು ಸಂಕೋಚವಾದರೂ ಬೇಡವೇ.

"ಮರ ನಮ್ಮ ಬದುವಿಂದೇ ಅಲಾ?" ಎಂದ ಯೋಗಿರಾಜ.

"ನಿಮ್ಮ ಬದುವಿಂದೇ. ದೋಣಿಗಂತ ಕೊಟ್ಟಾಕಿ ನಿಮ್ಮವ್ವ. ಕೂಲಿ ಹೆಣ್ಮಕ್ಕಳು ಮುಳುಗಬಾರದು ಅಂತ ಮುಂದ ನಿಂತು ಕಡಿಸ್ಯಾಳ. ಆಕಿ ಮಾತು ಆಕಿ ಚಿತಿಗೇ ಹಾಕ್ತೀರೇನು?"

ಯೋಗಿರಾಜನಿಗೆ ಅದು ಕೇಳಿಸಲೇ ಇಲ್ಲವೇನೋ. ಕಟ್ಟಿಗೆ ಹೊರಲೆಂದು ಬಂದು ಹಿಂದೆ ನಿಂತಿದ್ದ ನಾಲ್ವರಿಗೆ ಕಣ್ಸನ್ನೆ ಮಾಡಿ, "ಮಯತಿಗಿ ಕಟಗಿ ಕೇಳಾಕ ಬಂದವರಿಗಿ ಇಲ್ಲ ಅಂದಾನ ಅಂತ ನಾಳಿ ಊರೆಲ್ಲ ಆಡಕೋತದ ನೋಡು," ಎಂದ.

ಆ ಮಾತು ನಾಟಿತು. ಊರು ಆಡಿಕೊಂಡರೆ ಆಡಿಕೊಳ್ಳಲಿ, ಆದರೆ ವೇಣೂಬಾಯಿಗೆ ಇಲ್ಲ ಅನ್ನುವುದು ಅವನಿಂದಾಗದು. ಸೈದಪ್ಪ ಹಾರೆ ತೆಗೆದುಕೊಂಡು ಅಂಗಳ ದಾಟಿದ. ತನ್ನ ಮನೆಯ ಮುಂಬಾಗಿಲಿನ ಕೆಳಗೆ ಅದನ್ನು ಕೊಟ್ಟು ಮೀಟಿದ. ಬಾಗಿಲು ಕಳಚಿ ಬಂತು. ಬೆನ್ನ ಮೇಲೆ ಹೊತ್ತು ತಂದು ಯೋಗಿರಾಜನ ಮುಂದೆ ನಿಲ್ಲಿಸಿದ.

"ನಮ್ಮಪ್ಪ ಮಾಡಿದ್ದು. ಸಾಗವಾನಿ. ನಲವತ್ತು ವರ್ಷ ಒಣಗ್ಯಾದ. ವೇಣೂಬಾಯಿಗಂತ ಕೊಡಾಕತ್ತೀನಿ, ಒಯ್ರಿ. ಜಾಲಿ ಮುಟ್ಟಬ್ಯಾಡ್ರಿ."

ಯೋಗಿರಾಜನಿಗೆ ನಾಚಿಕೆಯಾಗುತ್ತದೆ ಎಂದೇ ಅವನು ನಂಬಿದ್ದ. ಒಬ್ಬನ ಮನೆಯ ಬಾಗಿಲು ಕಣ್ಣೆದುರೇ ಕಿತ್ತು ಬಂದರೆ, ಎಂಥವನೂ ತಲೆ ತಗ್ಗಿಸಿ ಟೆಂಪೋ ಕಳಿಸುತ್ತಾನೆ ಎಂದುಕೊಂಡಿದ್ದ. ಇರಚಲು ನೇರವಾಗಿ ಮನೆಯೊಳಗೆ ನುಗ್ಗುತ್ತಿತ್ತು. ಕಮಳಾಬಾಯಿ ಹಾಸಿಗೆಗಳನ್ನು ಮೂಲೆಗೆ ಎಳೆಯುತ್ತಿದ್ದಳು. ಬಂದ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಯೋಗಿರಾಜ ಬೆರಳ ಗೆಣ್ಣಿನಿಂದ ಬಾಗಿಲನ್ನು ಕುಟ್ಟಿ ನೋಡಿದ.

"ಛಲೋ ಒಣಗ್ಯಾದ. ಆದ್ರ ಒಂದು ಸಾಲಾಂಗಿಲ್ಲ," ಎಂದು ಕತ್ತು ಚಾಚಿ ಮನೆಯೊಳಗೆ ಇಣುಕಿದ. "ಹಿತ್ತಲಕಡಿನೂ ಒಂದು ಬಾಗಲಾ ಅದಲಾ?"