ನೂರಾ ಒಂದನೆಯ ಪುಸ್ತಕ

ನಮ್ಮ ಮನೆಯಲ್ಲಿ ಒಂದು ಕರಾರಿದೆ. ಹೊಲಿಗೆ ಯಂತ್ರವಿರುವ ಕೋಣೆಯ ಎಡಗೋಡೆ ನನ್ನ ಪ್ರೋಗ್ರಾಮಿಂಗ್ ಪುಸ್ತಕಗಳಿಗೆ, ಬಲಗೋಡೆ ನನ್ನ ಹೆಂಡತಿಯ ಬಟ್ಟೆ ಥಾನುಗಳಿಗೆ. ನನಗೆ ನೂರು ಪುಸ್ತಕ, ಅವಳಿಗೆ ನಲವತ್ತು ಥಾನು. ಮೀರಿದವರು ಒಂದು ಇಡೀ ಹಲಗೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಲೆಕ್ಕ ತಪ್ಪಬಾರದೆಂದು ಇಬ್ಬರೂ ನಮ್ಮ ನಮ್ಮ ಸಾಮಾನಿಗೆ ನಂಬರಿನ ಚೀಟಿ ಅಂಟಿಸಿಕೊಂಡಿದ್ದೆವು.

ನನ್ನ ನೂರೂ ಭರ್ತಿಯಾಗಿ ವರ್ಷವಾಗಿತ್ತು. ಆಗ ಸಿಕ್ಕಿತು ನೋಡಿ, ಆ ಪುಸ್ತಕ! ಈಗ ಯಾರೂ ಮೂಸಿಯೂ ನೋಡದ ಒಂದು ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿ. ನನ್ನ ಜೀವನದ ಮೊದಲ ಪ್ರೋಗ್ರಾಂ ಬರೆದದ್ದು ಅದನ್ನು ತೊಡೆಯ ಮೇಲಿಟ್ಟುಕೊಂಡೇ. ಯಾವನೋ ಪುಣ್ಯಾತ್ಮ ಎರವಲು ಒಯ್ದವನು ಇವತ್ತಿಗೂ ವಾಪಸ್ ಕೊಟ್ಟಿಲ್ಲ. ಅವನ ಕಂಪ್ಯೂಟರಿಗೆ ಇರುವೆ ಮುತ್ತಲಿ! ಹನ್ನೊಂದು ವರ್ಷ ಹುಡುಕಿದ್ದೆ. ಹಳೆ ಪುಸ್ತಕದಂಗಡಿಯಲ್ಲಿ, ಅಡುಗೆ ಪುಸ್ತಕಗಳ ನಡುವೆ ಅದು ಕಂಡಾಗ ಕುಣಿಯುವಷ್ಟು ಖುಷಿಯಾಯಿತು. ಕುಣಿದೆ ಕೂಡ. ಅಂಗಡಿಯವರು ಪಕ್ಕಕ್ಕೆ ಸರಿದು ನಿಂತರು.

ಆಮೇಲೆ ಕರಾರು ನೆನಪಾಯಿತು. ಇದಕ್ಕೆ ಜಾಗ ಮಾಡಲು ಯಾವ ಪುಸ್ತಕವನ್ನು ಹೊರಹಾಕಲಿ? ಒಂದೊಂದೂ ಕರುಳಿನ ಕುಡಿ. ಕೊನೆಗೆ ದುಡ್ಡು ಕೊಟ್ಟು, ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡು ಮನೆಗೆ ಬಂದೆ.

"ಏನ್ರೀ, ಹೊಟ್ಟೆ ಯಾವಾಗ ಚೌಕ ಆಯ್ತು?" ಕತ್ತರಿ ಆಡಿಸುತ್ತಲೇ ಕೇಳಿದಳು.

ಪುಸ್ತಕ ಹೊರಗೆ ಬಂತು. ಅವಳು ಎದ್ದು ಹೋಗಿ ನನ್ನ ಸಾಲಿನ ಕೊನೆಯ ಚೀಟಿ ನೋಡಿದಳು.

"ತೊಂಬತ್ತೊಂಬತ್ತು ಅಂತಿದೆಯಲ್ಲ. ಇನ್ನೊಂದಕ್ಕೆ ಜಾಗ ಇದೆ. ಇದಕ್ಕೆ ಯಾಕೆ ಈ ಕಳ್ಳಾಟ?"

ಅಯ್ಯೋ ದೇವರೇ! ನಾವು ಪ್ರೋಗ್ರಾಮರುಗಳು ಎಣಿಸಲು ಶುರುಮಾಡುವುದೇ ಸೊನ್ನೆಯಿಂದ. ಹುಟ್ಟುಗುಣ ಸುಟ್ಟರೂ ಹೋಗದು. ನನ್ನ ಮೊದಲ ಪುಸ್ತಕದ ಚೀಟಿ ಸೊನ್ನೆ. ತೊಂಬತ್ತೊಂಬತ್ತಕ್ಕೇ ನನ್ನ ನೂರು ಮುಗಿದಿತ್ತು. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ತೆಪ್ಪಗೆ 'ನೂರು' ಎಂಬ ಚೀಟಿ ಅಂಟಿಸಿ ಪುಸ್ತಕವನ್ನು ಹಲಗೆಗೆ ಏರಿಸಿದೆ.

ಹತ್ತು ನಿಮಿಷ ಸಿಳ್ಳೆ ಹಾಕಿದೆ. ಹನ್ನೊಂದನೇ ನಿಮಿಷಕ್ಕೆ ಅವಳ ಮುಂದೆ ಹೋಗಿ ನಿಂತೆ. ಹದಿನಾರು ವರ್ಷದ ಸಂಸಾರದಲ್ಲಿ ಇವಳ ಹತ್ತಿರ ಒಂದು ಸುಳ್ಳನ್ನೂ ದಕ್ಕಿಸಿಕೊಂಡವನಲ್ಲ ನಾನು.

"ಲೇ, ಮೊದಲನೇ ಪುಸ್ತಕದ ನಂಬರು ಸೊನ್ನೆ ಕಣೇ. ಈಗ ನೂರಾ ಒಂದಾಗಿದೆ. ಯಾವ ಹಲಗೆ ಬೇಕೋ ತಗೋ. ಈ ಪುಸ್ತಕ ಮಾತ್ರ ತೆಗಿ ಅನ್ನಬೇಡ."

ಅವಳು ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು. "ಗೊತ್ತು. ದಿನಾ ಟೇಪ್ ಹಿಡಿಯೋಳು ನಾನು, ಸೊನ್ನೆ ಎಲ್ಲಿರುತ್ತೆ ಅಂತ ಗೊತ್ತಿಲ್ವಾ?"

"ಮತ್ತೆ ಯಾಕೆ ಸುಮ್ಮನೆ ಬಿಟ್ಟೆ?"

ಅವಳ ಕಣ್ಣು ತನ್ನ ಥಾನುಗಳತ್ತ ಹೊರಳಿತು. ಅನುಮಾನ ಬಂದು ಬಲಗೋಡೆಯ ಹತ್ತಿರ ಹೋದೆ. ಕೊನೆಯ ಥಾನಿನ ಚೀಟಿ ನಲವತ್ತು. ಸರಿಯಾಗಿಯೇ ಇದೆ. ಬಗ್ಗಿ ಮೊದಲನೆಯದನ್ನು ನೋಡಿದೆ. ಅವಳ ಕೈಬರಹದಲ್ಲಿ, ಅಂದವಾದ ಒಂದು ಸೊನ್ನೆ.

"ನಿಮ್ಮಿಂದಲೇ ಕಲಿತದ್ದು," ಎಂದಳು, ಬಟ್ಟೆಯ ತುಂಡನ್ನು ಬಾಯಿಗೆ ಅಡ್ಡ ಹಿಡಿದು. "ಮೂರು ವರ್ಷ ಆಯ್ತು."

ನಾನು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರುವವಳು! ನಕ್ಕೂ ನಕ್ಕೂ ಇಬ್ಬರೂ ನೆಲದ ಮೇಲೆಯೇ ಕುಳಿತುಬಿಟ್ಟೆವು. ಹಲಗೆಯನ್ನು ಯಾರೂ ಬಿಟ್ಟುಕೊಡಲಿಲ್ಲ.